ರವಿವಾರದ ಪ್ರಾರ್ಥನೆ, ಸೋಮವಾರದ ಲೆಕ್ಕ



ಹುಬ್ಬಳ್ಳಿ ವ್ಯಾಪಾರದ ಊರು. ಇಲ್ಲಿಯ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮಗ್ಗುಲಿಗೆ ಒಂದು ಉದ್ದನೆಯ ವಹಿ ಇಡುವುದು ಹಳೆಯ ರೂಢಿ. ಅದು ಉದ್ರಿಯ ವಹಿ. ಯಾರು ಎಷ್ಟು ಜೋಳ ಒಯ್ದರು, ಎಷ್ಟು ಎಣ್ಣೆ ಒಯ್ದರು, ಎಷ್ಟು ಕೊಟ್ಟರು, ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಇದೇ ಅವಳಿ ನಗರದ ಚರ್ಚುಗಳಲ್ಲಿ ರವಿವಾರ ಮುಂಜಾನೆ ಸೇರಿದವರೆಲ್ಲ ಒಕ್ಕೊರಲಿನಿಂದ ಒಂದು ಚಿಕ್ಕ ಪ್ರಾರ್ಥನೆಯನ್ನು ಹೇಳುತ್ತಾರೆ. ಅದನ್ನು ಹೇಳಿ ಮುಗಿಸಲು ಒಂದು ನಿಮಿಷವೂ ಬೇಕಾಗುವುದಿಲ್ಲ. ಆ ಪ್ರಾರ್ಥನೆಯ ನಡುವೆಯೂ ಒಂದು ವಹಿಯ ಮಾತು ಬರುತ್ತದೆ. ಬಾಕಿಯ ಮಾತು, ಬಾಕಿ ಬಿಟ್ಟುಕೊಡುವ ಮಾತು. ರವಿವಾರ ಅದನ್ನು ಹೇಳಿದ ಬಾಯಿ ಸೋಮವಾರ ಅಂಗಡಿಯ ಕಟ್ಟೆಯ ಮೇಲೆ, ಕಚೇರಿಯ ಮೇಜಿನ ಹಿಂದೆ, ಅಡಿಗೆಮನೆಯಲ್ಲಿ, ನಳದ ಮುಂದಿನ ಸರತಿಯಲ್ಲಿ ಏನು ಹೇಳುತ್ತದೆ? ಈ ಹೊತ್ತಿನ ವಿಚಾರ ಅದು.

ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ. ನುಡಿಯೊಂದು ನಡೆಯೊಂದು ಆಗಬಾರದೆಂದು 12ನೆಯ ಶತಮಾನದ ಶರಣರು ಈ ನೆಲದಲ್ಲಿ ಬಿಡದೆ ಹೇಳಿದರು. ಜಪಮಾಲೆ ತಿರುಗಿಸುವ ಕೈಯೇ ತಕ್ಕಡಿಯನ್ನೂ ಹಿಡಿಯುತ್ತದೆ ಎಂಬುದು ಎಲ್ಲ ಮತದವರೂ ಬಲ್ಲ ಸತ್ಯ. ಆದುದರಿಂದ ಒಂದು ಸಮುದಾಯ ತನ್ನ ಮುಖ್ಯ ಪ್ರಾರ್ಥನೆಯನ್ನು ಬದುಕಿಗೆ ಹೇಗೆ ಇಳಿಸಿಕೊಳ್ಳಲು ಯತ್ನಿಸಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ತಿಳಿದರೆ ಉಳಿದವರಿಗೂ ಪ್ರಯೋಜನವುಂಟು.

ಪ್ರಾರ್ಥನೆ ಬಂದ ದಾರಿ

ಇದಕ್ಕೆ ಕರ್ತನ ಪ್ರಾರ್ಥನೆ ಎಂದು ಹೆಸರು. ಯೇಸು ತನ್ನ ಶಿಷ್ಯರಿಗೆ ಕಲಿಸಿದ್ದೆಂದು ಬೈಬಲಿನ ಹೊಸ ಒಡಂಬಡಿಕೆ ಎರಡು ಕಡೆ ಹೇಳುತ್ತದೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಅದು ಬೆಟ್ಟದ ಮೇಲಿನ ಪ್ರಸಂಗದ ಭಾಗ. ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಶಿಷ್ಯನೊಬ್ಬನು ಬಂದು, ಪ್ರಾರ್ಥಿಸುವುದನ್ನು ಕಲಿಸಬೇಕೆಂದು ಕೇಳಿಕೊಂಡಾಗ ಕೊಟ್ಟ ಉತ್ತರ ಅದು. ಲೂಕನ ಪಾಠ ಚಿಕ್ಕದು, ಮತ್ತಾಯನದು ತುಸು ದೊಡ್ಡದು. ಬಳಕೆಯಲ್ಲಿ ನಿಂತದ್ದು ಮತ್ತಾಯನ ಪಾಠ. ಸಂಪ್ರದಾಯದಲ್ಲಿ ಇದರ ಬೇಡಿಕೆಗಳನ್ನು 7 ಎಂದು ಎಣಿಸುತ್ತಾರೆ. ಕೊನೆಯ ಎರಡನ್ನು ಒಂದುಗೂಡಿಸಿ 6 ಎನ್ನುವವರೂ ಇದ್ದಾರೆ. ಕೊನೆಗೆ ಬರುವ ಮಹಿಮೆಯ ಮಾತುಗಳು ಮತ್ತಾಯನ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಆರಾಧನೆಯ ರೂಢಿಯಿಂದ ಬಂದು ಸೇರಿದವು.

ಪ್ರಾರ್ಥನೆಗೆ ಮೊದಲು ಮತ್ತಾಯನಲ್ಲಿ ಎರಡು ಎಚ್ಚರಿಕೆಗಳಿವೆ. ಜನ ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಬಾರದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎಂಬುದು ಒಂದು. ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂದು ಭ್ರಮಿಸಬಾರದು ಎಂಬುದು ಇನ್ನೊಂದು. ಮಾತು ಕಡಿಮೆ, ಪ್ರದರ್ಶನ ಬೇಡ. ಪ್ರಾರ್ಥನೆಯನ್ನು ಬದುಕಿಗೆ ಅನ್ವಯಿಸುವ ಮೊದಲ ಪಾಠ ಪ್ರಾರ್ಥನೆ ಆರಂಭವಾಗುವ ಮೊದಲೇ ಬಂದುಬಿಟ್ಟಿದೆ.

ಕನ್ನಡಕ್ಕೆ ಈ ಮಾತುಗಳನ್ನು ತಂದವರಲ್ಲಿ ಒಬ್ಬರು ಬಳ್ಳಾರಿಯಲ್ಲಿದ್ದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್. 1810ರಲ್ಲಿ ಬಳ್ಳಾರಿಗೆ ಬಂದ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಅವರ ಠಾಣ್ಯಗಳು ಏರ್ಪಟ್ಟವು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ಮನೆಯಲ್ಲಿ ಮುಂಜಾನೆ ಸಂಜೆ ಕುಟುಂಬವೆಲ್ಲ ಕೂಡಿ ಪ್ರಾರ್ಥಿಸಬೇಕು, ಆ ಪ್ರಾರ್ಥನೆ ದುಡಿಮೆಯಲ್ಲಿ ಕಾಣಬೇಕು ಎಂಬುದು ಆ ಪಂಥದ ನಂಬಿಕೆ. ಇಂದು ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ ಧಾರವಾಡದಲ್ಲಿದೆ. ಧಾರವಾಡದ ಕ್ಯಾಥೊಲಿಕರು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದವರು. ಎರಡು ಕಡೆಯೂ ಪ್ರಾರ್ಥನೆ ಅದೇ.

‘ನಮ್ಮ’ ಎಂಬ ಮಾತು

ಈ ಪ್ರಾರ್ಥನೆಯಲ್ಲಿ ‘ನಾನು’ ಎಂಬ ಪದವಿಲ್ಲ. ‘ನನ್ನ’ ಎಂಬುದೂ ಇಲ್ಲ. ತಂದೆಯೆಂದು ಕರೆಯುವಾಗಲೂ, ಅನ್ನ ಕೇಳುವಾಗಲೂ, ಕ್ಷಮೆ ಬೇಡುವಾಗಲೂ ‘ನಮ್ಮ’, ‘ನಮಗೆ’ ಎಂದೇ ಇದೆ. ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತವನೂ ಬಹುವಚನದಲ್ಲಿಯೇ ಬೇಡಬೇಕು. ಏಕಾಂತದಲ್ಲಿಯೂ ನೆರೆಯವನನ್ನು ಹೊರಗೆ ನಿಲ್ಲಿಸುವಂತಿಲ್ಲ.

ಈ ಒಂದು ಪದ ಉತ್ತರ ಕರ್ನಾಟಕದಲ್ಲಿ ಸುಲಭವಾಗಿ ದಕ್ಕಲಿಲ್ಲ. ಒಬ್ಬನೇ ತಂದೆಯ ಮಕ್ಕಳೆಂದ ಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು, ಒಂದೇ ಬಟ್ಟಲಿನಿಂದ ಕುಡಿಯಬೇಕು. ಸಭೆಯೊಳಗೆ ಜಾತಿಗೆ ಎಡೆಯಿಲ್ಲವೆಂಬ ನಿಯಮವನ್ನು ಬಾಸೆಲ್ ಮಿಶನಿನವರು ಬಿಗಿಯಾಗಿ ಹಿಡಿದರು. ಅದಕ್ಕೆ ಬೆಲೆ ತೆತ್ತವರು ಸಭೆ ಸೇರಿದ ಸ್ಥಳೀಯರು. ಬಂಧುಗಳು ದೂರವಾದರು, ಬಾವಿಯ ನೀರು ನಿಂತಿತು, ಕುಲಕಸುಬು ಕೈಬಿಟ್ಟಿತು. ‘ನಮ್ಮ’ ಎನ್ನುವವರ ಸಂಖ್ಯೆ ಒಂದು ಕಡೆ ಬೆಳೆದಂತೆ ಇನ್ನೊಂದು ಕಡೆ ಕರಗಿತು. ಹಾಗೆಂದು ಜಾತಿಯ ನೆನಪು ಚರ್ಚಿನ ಒಳಗೆ ಪೂರ್ತಿ ಅಳಿಯಿತೆಂದು ಹೇಳುವಂತಿಲ್ಲ. ಮದುವೆಯ ಮಾತು ಬಂದಾಗ ಅದು ತಲೆಯೆತ್ತುವುದುಂಟೆಂದು ಕ್ರೈಸ್ತ ಚಿಂತಕರೇ ಒಪ್ಪಿಕೊಂಡಿದ್ದಾರೆ.

ಇವತ್ತಿನ ಬದುಕಿನಲ್ಲಿ ಈ ಪದದ ಪರೀಕ್ಷೆ ಎಲ್ಲಿ? ಮಲಪ್ರಭೆಯ ಜಲಾಶಯದಿಂದ ಕುಡಿಯುವ ನೀರು ತರಿಸಿಕೊಳ್ಳುವ ಈ ಅವಳಿ ನಗರ ನೀರಿನ ಕಷ್ಟವನ್ನು ಚೆನ್ನಾಗಿ ಬಲ್ಲದು. ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ 2008ರಲ್ಲಿ ಕೆಲವೇ ವಾರ್ಡುಗಳಲ್ಲಿ ನಡೆದಾಗ ಉಳಿದವರು ಕಣ್ಣರಳಿಸಿ ನೋಡಿದ್ದರು. ನೀರು ಬಿಡುವ ದಿನ ಓಣಿಯಲ್ಲಿ ಒಬ್ಬನು ತನ್ನ ನಳಕ್ಕೆ ಮೋಟಾರು ಹಚ್ಚಿ ಎಳೆದುಕೊಂಡರೆ ಆಚೆ ಮನೆಯ ನಳದಲ್ಲಿ ಬರೀ ಗಾಳಿ ಬರುತ್ತದೆ. ಮೋಟಾರು ಹಚ್ಚಿದವನು ಅದೇ ಮುಂಜಾನೆ ‘ನಮಗೆ ಕೊಡು’ ಎಂದು ಬೇಡಿಕೊಂಡಿದ್ದರೆ ಆ ‘ನಮಗೆ’ ಎಂಬುದರ ಅರ್ಥವೇನು? ಅವನ ಮನೆಯ ನಾಲ್ಕು ಜನವೇ, ಇಡೀ ಓಣಿಯೇ? ಪ್ರಾರ್ಥನೆಗೆ ಉತ್ತರವನ್ನು ಆಕಾಶದಲ್ಲಿ ಹುಡುಕುವ ಮೊದಲು ಮೋಟಾರಿನ ಬಟನ್ನಿನ ಮೇಲಿರುವ ಬೆರಳನ್ನು ನೋಡಿಕೊಳ್ಳಬೇಕು.

ಹೆಸರಿನ ಗೌರವ

ಪ್ರಾರ್ಥನೆಯ ಮೊದಲ ಬೇಡಿಕೆ ದೇವರ ಹೆಸರು ಪವಿತ್ರವಾಗಿರಲಿ ಎಂಬುದು. ದೇವರ ಹೆಸರಿಗೆ ಮನುಷ್ಯನಿಂದ ಪಾವಿತ್ರ್ಯ ಬರಬೇಕೆ? ಹಾಗಲ್ಲ. ಮಗನು ಕೆಟ್ಟು ನಡೆದರೆ ತಂದೆಯ ಹೆಸರು ಕೆಡುತ್ತದೆ ಎಂದು ನಮ್ಮ ಕಡೆ ಹೇಳುವಂತೆ, ಹೆಸರು ಹೇಳಿಕೊಂಡವರ ನಡತೆಯಿಂದ ಹೆಸರಿಗೆ ಮಾನವೋ ಅವಮಾನವೋ ಬರುತ್ತದೆ ಎಂಬುದು ಇದರ ತಿರುಳು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳುವವನೂ, ಅಂಗಡಿಗೆ ದೇವರ ಹೆಸರಿಟ್ಟು ಕಲಬೆರಕೆ ಮಾಡುವವನೂ ಈ ಬೇಡಿಕೆಗೆ ವಿರುದ್ಧ ನಡೆದವರೇ.

ಇನ್ನೊಂದು ಸೂಕ್ಷ್ಮವೂ ಇದೆ. ತನ್ನ ದೇವರ ಹೆಸರನ್ನು ಎತ್ತಿಹಿಡಿಯುವುದೆಂದರೆ ಬೇರೆಯವರ ದೇವರನ್ನು ಹೀಗಳೆಯುವುದೆಂದು ತಿಳಿದವರು ಎಲ್ಲ ಮತಗಳಲ್ಲಿಯೂ ಆಗಿಹೋಗಿದ್ದಾರೆ. ಮೊದಲ ಮಿಶನರಿಗಳೂ ಜಾತ್ರೆಗಳಿಗೆ ಹೋಗಿ ಅಲ್ಲಿಯ ಪೂಜೆ ಪುನಸ್ಕಾರಗಳನ್ನು ಖಂಡಿಸಿ ಮಾತಾಡಿದವರೇ. ಆದರೆ ಅವರಲ್ಲಿ ಕೆಲವರು ಕ್ರಮೇಣ ಕೇಳುವುದನ್ನು ಕಲಿತರು. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚುಹಾಕಿಸಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ತಮ್ಮ ಆರಂಭದ ದಿನಗಳನ್ನು ಧಾರವಾಡದ ಕಡೆಯಲ್ಲಿ ಕಳೆದು, ಮುಂದೆ ದಶಕಗಳ ಕಾಲ ದುಡಿದು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದರು. ಧಾರವಾಡದ ಕಿಟೆಲ್ ಕಾಲೇಜು ಆ ಹೆಸರನ್ನು ಉಳಿಸಿಕೊಂಡಿದೆ.

ಈ ಸಾಲಿನಲ್ಲಿ ಈ ಊರಿಗೆ ಬಹಳ ಹತ್ತಿರದವರು ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿಯವರು ಬಾಸೆಲ್ ಮಿಶನಿನ ಪಾದ್ರಿಗಳು. ಪ್ರಾರ್ಥನೆ, ಉಪದೇಶ ಅವರ ನಿತ್ಯದ ಕೆಲಸ. ಹಾಗಿದ್ದೂ ಹಳ್ಳಿಗಳಲ್ಲಿ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದ, ಹಸ್ತಪ್ರತಿಗಳಿಂದ ಕೂಡಿಹಾಕಿ, ಶೋಧಿಸಿ, 1924ರಲ್ಲಿ ಪ್ರಕಟಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ತಿರುಳ್ಗನ್ನಡದ ತಿರುಕ’ ಎಂದು ಅವರನ್ನು ನಾಡು ನೆನೆಯುತ್ತದೆ. ಕ್ರಿಸ್ತನಲ್ಲಿ ಅವರಿಗಿದ್ದ ನಿಷ್ಠೆ ಇದರಿಂದ ಕಡಿಮೆಯಾಗಲಿಲ್ಲ; ಶರಣರನ್ನು ಓದಿದ್ದರಿಂದ ಅವರ ಪಾದ್ರಿತನಕ್ಕೆ ಕುಂದು ಬರಲಿಲ್ಲ. ತನ್ನ ದೇವರ ಹೆಸರನ್ನು ಗೌರವಿಸುವವನು ಅನ್ಯರ ಮಾತನ್ನು ತಲೆಬಾಗಿ ಕೇಳಬಲ್ಲ ಎಂಬುದಕ್ಕೆ ಈ ನೆಲದ ಉದಾಹರಣೆ ಅವರು.

ದೇವರ ರಾಜ್ಯ ಬರಲಿ, ಆತನ ಚಿತ್ತ ನೆರವೇರಲಿ ಎಂಬುವು ಮುಂದಿನ ಬೇಡಿಕೆಗಳು. ಇವನ್ನು ಹಣೆಬರಹದ ಮಾತೆಂದು ತಿಳಿಯುವುದುಂಟು. ಆದದ್ದಾಗಲಿ ಎಂದು ಕೈಚೆಲ್ಲುವುದು ಇದರ ಅರ್ಥವಲ್ಲ. ಆ ಚಿತ್ತ ಈ ಭೂಮಿಯ ಮೇಲೆಯೇ ನೆರವೇರಬೇಕೆಂದು ಪ್ರಾರ್ಥನೆ ಕೇಳುತ್ತದೆ. ಎಂದರೆ ಭೂಮಿಯ ಮೇಲೆ ಈಗ ನಡೆಯುತ್ತಿರುವುದೆಲ್ಲ ದೇವರ ಚಿತ್ತವಲ್ಲ ಎಂಬ ಒಪ್ಪಿಗೆ ಅದರಲ್ಲಿ ಅಡಗಿದೆ. ಕೂಸು ಔಷಧವಿಲ್ಲದೆ ಸತ್ತರೆ ದೇವರ ಇಚ್ಛೆ ಎಂದು ಸುಮ್ಮನಾಗುವವನು ಈ ಬೇಡಿಕೆಯನ್ನು ತಿರುಗಿಸಿ ಹಿಡಿದಂತೆ. ಔಷಧ ತರಲು ಓಡುವವನು ಅದನ್ನು ಸರಿಯಾಗಿ ಹೇಳಿದಂತೆ.

ಇಂದಿನ ರೊಟ್ಟಿ

ನಡುವಿನ ಬೇಡಿಕೆ ಅನ್ನದ್ದು. ಗ್ರೀಕ್ ಮೂಲದಲ್ಲಿ ಇರುವುದು ರೊಟ್ಟಿ ಎಂಬರ್ಥದ ಪದ. ಬಳಕೆಯಲ್ಲಿರುವ ಕನ್ನಡ ಪಾಠ ‘ಆಹಾರ’ ಎನ್ನುತ್ತದೆ. ಜೋಳದ ರೊಟ್ಟಿ ತಟ್ಟುವ ಸಪ್ಪಳದಿಂದ ಬೆಳಗಾಗುವ ಈ ಸೀಮೆಯಲ್ಲಿ ರೊಟ್ಟಿಯೆಂದೇ ಇದ್ದರೂ ಯಾರಿಗೂ ಅರ್ಥವಾಗದೆ ಹೋಗುತ್ತಿರಲಿಲ್ಲ. ಆ ರೊಟ್ಟಿಗೆ ಹಚ್ಚಿದ ವಿಶೇಷಣ ಮಾತ್ರ ಪಂಡಿತರನ್ನು ಕಾಡಿದೆ. ಆ ಗ್ರೀಕ್ ಪದ ಜನರ ಮಾತಿನಲ್ಲಿ ಇಲ್ಲವೆಂದು 3ನೆಯ ಶತಮಾನದ ಓರಿಗೆನನೇ ಹೇಳಿದ್ದ. ಈ ದಿನಕ್ಕೆ ಬೇಕಾದದ್ದು, ಬರುವ ದಿನದ್ದು, ಬದುಕಿಗೆ ಅವಶ್ಯವಾದದ್ದು ಎಂದು ಮೂರು ಬಗೆಯಾಗಿ ಅರ್ಥ ಹೇಳುತ್ತಾರೆ. ಯಾವ ಅರ್ಥ ಹಿಡಿದರೂ ಒಂದು ಸ್ಪಷ್ಟ: ಕಣಜ ತುಂಬ ಕೊಡೆಂದು ಇಲ್ಲಿ ಕೇಳಿಲ್ಲ.

ಮಾರ್ಟಿನ್ ಲೂಥರ್ 1529ರಲ್ಲಿ ಮನೆಮನೆಗೆಂದು ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಈ ರೊಟ್ಟಿಯನ್ನು ಹಿಗ್ಗಿಸಿ ವಿವರಿಸಿದ. ಉಣಿಸು, ಬಟ್ಟೆ, ಮನೆ, ಹೊಲ, ದನಕರು, ಒಳ್ಳೆಯ ಸರಕಾರ, ಸಕಾಲದ ಮಳೆಬಿಸಿಲು, ನಂಬಿಗಸ್ತ ನೆರೆಹೊರೆ ಎಲ್ಲವನ್ನೂ ಅದರಲ್ಲಿ ಸೇರಿಸಿದ. ಒಂದು ರೊಟ್ಟಿ ತಾಟಿಗೆ ಬೀಳಬೇಕಾದರೆ ಮಳೆಯಿಂದ ಹಿಡಿದು ಮಾರುಕಟ್ಟೆಯವರೆಗೆ, ರಸ್ತೆಯಿಂದ ಹಿಡಿದು ನ್ಯಾಯದವರೆಗೆ ಎಷ್ಟೊಂದು ಕೂಡಿ ಬರಬೇಕೆಂಬ ತಿಳಿವಳಿಕೆ ಅದು. ರೈತನ ಬೆಳೆಗೆ ತಕ್ಕ ಬೆಲೆ ಸಿಗಬೇಕೆನ್ನುವುದೂ, ತೂಕದಲ್ಲಿ ಮೋಸವಾಗಬಾರದೆನ್ನುವುದೂ ಈ ಪ್ರಾರ್ಥನೆಯ ಒಳಗೇ ಬರುತ್ತವೆ.

ಸಭೆ ಸೇರಿ ಕಸುಬು ಕಳೆದುಕೊಂಡವರ ರೊಟ್ಟಿಯ ಪ್ರಶ್ನೆ ಮಿಶನಿನ ಮುಂದೆ ಬೇಗನೆ ಬಂತು. ಪ್ರಾರ್ಥನೆ ಹೇಳಿಕೊಟ್ಟರೆ ಹೊಟ್ಟೆ ತುಂಬುವುದಿಲ್ಲ. ಗದಗ-ಬೆಟಗೇರಿಯ ಹತ್ತಿರ ಮಾಲಸಮುದ್ರದಲ್ಲಿ ಬೇಸಾಯದ ವಸತಿಯೊಂದನ್ನು 1841ರಲ್ಲಿ ಆರಂಭಿಸಿದರು, ಅದು ಕೈಗೂಡಲಿಲ್ಲ. ಸೋಲಿನಿಂದ ಪಾಠ ಕಲಿತರು. ಮುಂದೆ ಕರಾವಳಿಯಲ್ಲಿ ನೇಯ್ಗೆಯ ಶಾಲೆಗಳು, 1865ರಿಂದ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ನಡೆದವು. ದಾನಕ್ಕಿಂತ ದುಡಿಮೆ ಲೇಸೆಂಬ ತೀರ್ಮಾನ ಅದು. ಇಲ್ಲಿಯೂ ಒಂದು ತೊಡಕಿತ್ತು. ಪ್ರಾರ್ಥನೆ ನಡೆಸುವವರೇ ಪಗಾರ ಕೊಡುವವರೂ ಆದಾಗ ಕೆಲಸಗಾರನ ಭಕ್ತಿ ಎಷ್ಟು ಸ್ವಂತದ್ದು, ಎಷ್ಟು ಹೊಟ್ಟೆಯದು ಎಂದು ಅಳೆಯುವುದು ಯಾರಿಗೂ ಸಾಧ್ಯವಾಗದು.

ದಿನದ ಅನ್ನದ ಈ ಮಿತಿಯನ್ನು ಕನ್ನಡ ಓದುಗರು ಬೇರೆ ದಾರಿಯಿಂದಲೂ ಬಲ್ಲರು. ಆಯ್ದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದ ಕಥೆ ಮನೆಮಾತಾಗಿದೆ. ಕಾಯಕ ಮಾಡು, ಅಂದಂದಿಗೆ ಬೇಕಾದಷ್ಟು ತಾ, ಹಂಚಿ ಉಣ್ಣು ಎಂಬುದು ಅಲ್ಲಿಯ ನೀತಿ. ಎರಡು ಪರಂಪರೆಗಳು ಬೇರೆ ಬೇರೆ ಬೇರಿನವು. ಒಂದರಿಂದ ಇನ್ನೊಂದು ಬಂದದ್ದಲ್ಲ. ಆದರೆ ಲಕ್ಕಮ್ಮನ ಅಂಗಳದಲ್ಲಿ ನಿಂತು ಕೇಳಿದರೆ ಈ ಬೇಡಿಕೆ ಪರಕೀಯವೆನಿಸುವುದಿಲ್ಲ. ಮಕ್ಕಳ ಓದಿಗೆ, ಮುಪ್ಪಿಗೆ, ಜಡ್ಡಿಗೆ ನಾಲ್ಕು ಕಾಸು ಕೂಡಿಡುವುದು ತಪ್ಪೆಂದು ಯಾರೂ ಹೇಳಲಾರರು. ಕೂಡಿಟ್ಟದ್ದು ಇನ್ನೊಬ್ಬನ ಇಂದಿನ ರೊಟ್ಟಿಯೇ ಆಗಿದ್ದರೆ ಅದು ತಪ್ಪು. ಮದುವೆಮನೆಯಲ್ಲಿ ಎಲೆಯ ಮೇಲೆ ಬಿಟ್ಟೇಳುವ ಅನ್ನವೂ, ಮನೆಗೆಲಸದವಳಿಗೆ ತಿಂಗಳ ಕೊನೆಗೆ ತಡಮಾಡಿ ಕೊಡುವ ಪಗಾರವೂ ಈ ಬೇಡಿಕೆಯ ಮುಂದೆ ಉತ್ತರ ಹೇಳಬೇಕಾದ ವಿಷಯಗಳು.

ಬಾಕಿಯ ಮಾತು

ಇನ್ನು ಉದ್ರಿಯ ವಹಿಗೆ ಬರೋಣ. ಕನ್ನಡದಲ್ಲಿ ಈ ಬೇಡಿಕೆಯನ್ನು ಹೇಳುವಾಗ ‘ತಪ್ಪು’ ಎಂಬ ಪದ ಬಳಸುತ್ತಾರೆ. ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವ ಪದದ ಅರ್ಥ ಸಾಲ. ಲೂಕನಲ್ಲಿ ಮೊದಲ ಭಾಗದಲ್ಲಿ ಪಾಪ ಎಂದೂ ಎರಡನೆಯ ಭಾಗದಲ್ಲಿ ಸಾಲದವನು ಎಂದೂ ಬರುತ್ತದೆ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ಸಲ್ಲುತ್ತಿತ್ತು. ಕನ್ನಡದ ಕಿವಿಗೆ ಇದು ಹೊಸದಲ್ಲ. ‘ಋಣ’ ಎಂಬ ಮಾತಿನಲ್ಲಿ ಸಾಹುಕಾರನ ಬಾಕಿಯೂ ಇದೆ, ತಂದೆತಾಯಿಗೆ ಸಲ್ಲಬೇಕಾದದ್ದೂ ಇದೆ, ತೀರಿಸದೆ ಹೋದರೆ ಬೆನ್ನು ಹತ್ತುವ ಕರ್ಮವೂ ಇದೆ. ಋಣ ಹರಿಯಿತು ಎಂದಾಗ ಲೆಕ್ಕ ಮುಗಿಯಿತೆಂದೂ, ಸಂಬಂಧ ಮುಗಿಯಿತೆಂದೂ ಎರಡು ಅರ್ಥ. ಈ ಪ್ರಾರ್ಥನೆಯಲ್ಲಿ ಮಾತ್ರ ಲೆಕ್ಕ ಮುಗಿಯುವುದು ಸಂಬಂಧ ಉಳಿಯಲೆಂದು.

ಏಳು ಬೇಡಿಕೆಗಳಲ್ಲಿ ಬೇಡುವವನ ಮೇಲೆಯೇ ಶರ್ತ ಹಾಕುವುದು ಇದೊಂದೇ. ಇತರರ ಬಾಕಿಯನ್ನು ಬಿಟ್ಟಂತೆ ತನ್ನ ಬಾಕಿಯನ್ನು ಬಿಡು ಎಂದು ಅವನು ಕೇಳುತ್ತಾನೆ. ಇತರರ ಬಾಕಿಯನ್ನು ಬಿಡದವನು ಈ ಮಾತನ್ನು ಹೇಳಿದರೆ ತನಗೂ ಬಿಡಬೇಡವೆಂದು ತಾನೇ ಕೇಳಿಕೊಂಡಂತಾಯಿತು. ಮತ್ತಾಯನ 18ನೆಯ ಅಧ್ಯಾಯದ ಕಥೆ ಇದನ್ನೇ ಲೆಕ್ಕ ಹಾಕಿ ತೋರಿಸುತ್ತದೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಾಗಿತ್ತು. ಅರಸನು ಅದನ್ನೆಲ್ಲ ಬಿಟ್ಟುಕೊಟ್ಟ. ಹೊರಗೆ ಬಂದ ಸೇವಕ ತನಗೆ 100 ದೀನಾರ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ. ಒಂದು ದೀನಾರ ಕೂಲಿಯವನ ಒಂದು ದಿನದ ಗಳಿಕೆ. ಒಂದು ತಲಾಂತಿಗೆ 6,000 ದೀನಾರ. ಸೇವಕನ ಸಾಲ 6 ಕೋಟಿ ದಿನಗಳ ಕೂಲಿ; ಅವನಿಗೆ ಬರಬೇಕಾದದ್ದು 100 ದಿನಗಳ ಕೂಲಿ. 100 ದಿನದ ಕೂಲಿ ಬಡವನಿಗೆ ಚಿಕ್ಕದೇನಲ್ಲ. ಆದರೆ ಬಿಡುಗಡೆ ಪಡೆದ ಮೊತ್ತದ ಮುಂದೆ ಅದು ಆರು ಲಕ್ಷದಲ್ಲಿ ಒಂದು ಪಾಲು. ತನಗೆ ಸಿಕ್ಕ ಕ್ಷಮೆಯನ್ನು ಮರೆತವನಿಗೆ ಮಾತ್ರ ಇತರರ ಬಾಕಿ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಅಂಗಡಿಕಾರನು ವಹಿಯನ್ನು ಸುಟ್ಟುಬಿಡಬೇಕೆ? ಸುಟ್ಟರೆ ಅಂಗಡಿ ಮುಚ್ಚುತ್ತದೆ; ಓಣಿಯವರಿಗೆ ಉದ್ರಿ ಕೊಡುವವರೇ ಇಲ್ಲವಾಗುತ್ತಾರೆ. ಇಲ್ಲಿ ವಿವೇಕ ಬೇಕು. ಕೊಡಬಲ್ಲವನು ಕೊಡದಿದ್ದರೆ ಕೇಳುವುದು ನ್ಯಾಯ. ಗಂಡನನ್ನು ಕಳೆದುಕೊಂಡವಳ ಮನೆ ಬಾಗಿಲಿಗೆ ಹೋಗಿ ನಾಲ್ಕು ಜನರೆದುರು ಬಾಕಿ ಕೇಳುವುದು ಅನ್ಯಾಯ. ಬಡ್ಡಿಯ ಮೇಲೆ ಬಡ್ಡಿ ಏರಿಸಿ ಹೊಲ ಬರೆಸಿಕೊಳ್ಳುವುದು ಘೋರ. ಕೆಲವು ಬಾಕಿಗೆ ಗಡುವು ಕೊಡಬಹುದು, ಕೆಲವನ್ನು ಅರ್ಧಕ್ಕೆ ಮುಗಿಸಬಹುದು, ಕೆಲವನ್ನು ಸುಮ್ಮನೆ ಗೆರೆ ಎಳೆದು ಬಿಡಬಹುದು. ಗೆರೆ ಎಳೆದದ್ದನ್ನು ಮತ್ತೆ ಮತ್ತೆ ಎತ್ತಿ ಆಡದಿರುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಮನೆಯ ಒಳಗಿನ ವಹಿ ಇನ್ನೂ ಹಳೆಯದು. ಮದುವೆಯಲ್ಲಿ ಮಾನ ಸಿಗಲಿಲ್ಲವೆಂದು, ಆಸ್ತಿ ಪಾಲಾಗುವಾಗ ಒಂದು ಗುಂಟೆ ಕಡಿಮೆ ಬಂತೆಂದು ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟಿರುತ್ತಾರೆ. ಇಬ್ಬರೂ ದಿನಾಲು ಪ್ರಾರ್ಥಿಸುವವರೇ ಆಗಿರಬಹುದು. ಪೂಜೆಯ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂದು ಬೆಟ್ಟದ ಪ್ರಸಂಗ ಹೇಳುತ್ತದೆ. ಎಂದರೆ ಕೆಲವು ಸಲ ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿ ಬಸ್ಸು ಹತ್ತಬೇಕಾಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕ್ಷಮೆಯ ಈ ಬೋಧನೆಯನ್ನು ಬಲವುಳ್ಳವರು ಬಲಹೀನರ ಮೇಲೆ ಪ್ರಯೋಗಿಸಿದ್ದುಂಟು. ಕುಡಿದು ಹೊಡೆಯುವ ಗಂಡನನ್ನು ಕ್ಷಮಿಸು, ಮತ್ತೆ ಆ ಮನೆಗೆ ಹೋಗು ಎಂದು ಹೆಣ್ಣಿಗೆ ಉಪದೇಶಿಸುವುದು ಪ್ರಾರ್ಥನೆಯ ದುರುಪಯೋಗ. ಮನಸ್ಸಿನ ಹಗೆಯನ್ನು ಬಿಡುವುದು ಬೇರೆ, ಪೆಟ್ಟಿಗೆ ಮೈಯೊಡ್ಡುವುದು ಬೇರೆ. ಲೂಕನ ಸುವಾರ್ತೆಯ ಸುಂಕದವ ಜಕ್ಕಾಯನು ಪಶ್ಚಾತ್ತಾಪಪಟ್ಟಾಗ ಬರೀ ಕಣ್ಣೀರು ಹಾಕಲಿಲ್ಲ. ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಮಾಡಿ ಹಿಂದಿರುಗಿಸುವೆನೆಂದ. ತಪ್ಪು ಮಾಡಿದವನು ತೀರಿಸಬೇಕಾದದ್ದನ್ನು ಕ್ಷಮೆ ಅಳಿಸಿಹಾಕುವುದಿಲ್ಲ.

ಕ್ಷೌರಿಕನ ಕಥೆ

ಕೊನೆಯ ಬೇಡಿಕೆಗಳು ಶೋಧನೆಯಿಂದ, ಕೇಡಿನಿಂದ ಕಾಪಾಡೆಂಬುವು. ದೇವರೇ ಮನುಷ್ಯನನ್ನು ಶೋಧನೆಗೆ ಒಯ್ಯುತ್ತಾನೆಯೇ ಎಂಬ ಸಂಶಯ ಹಳೆಯದು. 2017ರಲ್ಲಿ ಪೋಪ್ ಫ್ರಾನ್ಸಿಸ್ ಈ ಅನುವಾದ ಸರಿಯಲ್ಲವೆಂದು ಹೇಳಿದರು; 2020ರಲ್ಲಿ ಇಟಲಿಯ ಚರ್ಚುಗಳಲ್ಲಿ, ಶೋಧನೆಗೆ ನಮ್ಮನ್ನು ಬಿಟ್ಟುಬಿಡಬೇಡ ಎಂಬರ್ಥದ ಮಾತು ಬಳಕೆಗೆ ಬಂತು. ಪಂಡಿತರ ಚರ್ಚೆ ಏನೇ ಇರಲಿ, ದಿನದ ಬದುಕಿಗೆ ಇದರ ಅರ್ಥ ಸರಳ: ಮನುಷ್ಯ ತನ್ನ ಬಲವನ್ನು ಅತಿಯಾಗಿ ನಂಬಬಾರದು. ಕುಡಿತ ಬಿಟ್ಟವನು ಆ ದಾರಿಯಿಂದ ಹಾದುಹೋಗದಿರುವುದು, ಲಂಚದ ಕುರ್ಚಿಯಲ್ಲಿ ಕುಳಿತವನು ಮುಚ್ಚಿದ ಲಕೋಟೆಯನ್ನು ಕೈಯಲ್ಲಿ ಮುಟ್ಟದಿರುವುದು ಈ ಪ್ರಾರ್ಥನೆಯ ಕೈಕಾಲುಗಳು.

ಲೂಥರನಿಗೆ ಪೇಟರ್ ಎಂಬ ಕ್ಷೌರಿಕ ಗೆಳೆಯನಿದ್ದ. ಪ್ರಾರ್ಥನೆ ಮಾಡುವುದು ಹೇಗೆಂದು ಅವನು ಕೇಳಿದಾಗ ಲೂಥರ್ 1535ರಲ್ಲಿ ಅವನಿಗಾಗಿಯೇ ಒಂದು ಚಿಕ್ಕ ಪುಸ್ತಕ ಬರೆದ. ಕರ್ತನ ಪ್ರಾರ್ಥನೆಯ ಒಂದೊಂದು ಬೇಡಿಕೆಯನ್ನೂ ಬೇರೆ ಬೇರೆಯಾಗಿ ತೆಗೆದುಕೊಂಡು ನಿಧಾನವಾಗಿ ಮನನ ಮಾಡಬೇಕು ಎಂಬುದು ಅದರ ಸಲಹೆ. ಕತ್ತಿಯ ಮೇಲೆ ಕಣ್ಣಿಡದ ಕ್ಷೌರಿಕ ಗಿರಾಕಿಯನ್ನು ಗಾಯಗೊಳಿಸುವಂತೆ, ಮನಸ್ಸನ್ನು ಅಲೆಯಬಿಟ್ಟ ಪ್ರಾರ್ಥನೆ ಕೆಟ್ಟುಹೋಗುತ್ತದೆ ಎಂಬುದು ಅದರ ಉಪಮೆ. ಅದೇ ವರ್ಷದ ಈಸ್ಟರ್ ಹಬ್ಬದ ಸಮಯದಲ್ಲಿ, ಊಟಕ್ಕೆ ಕುಳಿತಲ್ಲಿ, ಕುಡಿದ ಅಮಲಿನಲ್ಲಿದ್ದ ಪೇಟರ್ ತನ್ನ ಅಳಿಯನನ್ನು ಇರಿದು ಕೊಂದ. ಲೂಥರ್ ಅವನ ಪರವಾಗಿ ಬೇಡಿಕೊಂಡದ್ದರಿಂದ ಪ್ರಾಣ ಉಳಿಯಿತು. ಆಸ್ತಿ ಕಳೆದುಕೊಂಡು ಊರು ಬಿಟ್ಟು ಹೋಗಬೇಕಾಯಿತು.

ಪ್ರಾರ್ಥನೆಯ ಬಗೆಗೆ ಸುಲಭದ ಮಾತಾಡುವವರು ಈ ಕಥೆಯನ್ನು ಮರೆಯಬಾರದು. ಪ್ರಾರ್ಥನೆ ತಾಯಿತವಲ್ಲ. ಒಳ್ಳೆಯ ಗುರು ಸಿಕ್ಕು, ಒಳ್ಳೆಯ ಪುಸ್ತಕ ಕೈಯಲ್ಲಿದ್ದೂ ಒಂದು ಗಳಿಗೆಯ ಮೈಮರೆವು ಮನೆಯನ್ನು ಮುರಿಯಬಲ್ಲದು. ಬೀಳುವೆನೆಂಬ ಎಚ್ಚರ ಇರುವವನಿಗೇ ಕೊನೆಯ ಬೇಡಿಕೆ ಬಾಯಿಂದ ಹೃದಯಕ್ಕೆ ಇಳಿಯುತ್ತದೆ. ಕೊಂದವನಿಗಾಗಿಯೂ ಬೇಡಿಕೊಳ್ಳಲು ಒಬ್ಬ ಗೆಳೆಯನಿದ್ದ ಎಂಬುದು ಅದೇ ಕಥೆಯ ಇನ್ನೊಂದು ಮುಖ.

ಆ ಕ್ಷೌರಿಕನಿಗೆ ಹೇಳಿದ ಉಪಾಯ ಇಂದಿಗೂ ಕೆಟ್ಟಿಲ್ಲ. ಬೇಡಿಕೆಗಳು ಏಳು, ವಾರದ ದಿನಗಳೂ ಏಳು. ದಿನಕ್ಕೊಂದನ್ನು ಹಿಡಿದು, ಮುಂಜಾನೆ ಒಮ್ಮೆ ಹೇಳಿ, ರಾತ್ರಿ ಮಲಗುವ ಮುನ್ನ ಅದರ ಲೆಕ್ಕ ನೋಡಿಕೊಳ್ಳಬಹುದು. ತನ್ನ ನಡತೆಯಿಂದ ಯಾರ ಹೆಸರಿಗೆ ಕುಂದು ಬಂತು? ಯಾರ ರೊಟ್ಟಿ ತನ್ನ ಕೈಯಲ್ಲಿ ಉಳಿಯಿತು? ಯಾರ ಬಾಕಿಗೆ ಗೆರೆ ಎಳೆಯುವುದಿತ್ತು? ದೇವರನ್ನು ಬೇರೆ ಹೆಸರಿನಿಂದ ಕರೆಯುವವನಿಗೂ, ಯಾವ ಹೆಸರಿನಿಂದಲೂ ಕರೆಯದವನಿಗೂ ಈ ಪ್ರಶ್ನೆಗಳು ಸಲ್ಲುತ್ತವೆ.

ರವಿವಾರದ ಗಂಟೆ ನಿಂತ ಮೇಲೆ ಸೋಮವಾರ ಅಂಗಡಿಯ ಬಾಗಿಲು ತೆರೆಯುತ್ತದೆ. ವಹಿ ಅಲ್ಲಿಯೇ ಇದೆ, ಪೆನ್ನೂ ಅಲ್ಲಿಯೇ ಇದೆ. ಪ್ರಾರ್ಥನೆಯ ಉಳಿದ ಭಾಗವನ್ನು ಬರೆಯಬೇಕಾದದ್ದು ಅದರಲ್ಲಿ.